ಈಮ್ ಎಂಬ ಇಂಗ್ಲಿಷ್ ಹಳ್ಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಈ ಊರಿನ ಹೆಸರು ಮತ್ತೆ ಸುದ್ದಿಗೆ ಬಂತು. ಪ್ಲೇಗ್ ಬಂದಾಗ ಪಕ್ಕದ ಊರುಗಳಿಗೆ ಹಬ್ಬಬಾರದು ಅಂತ ಊರಿಗೆ ಊರೇ ತಾನಾಗಿ ಬಾಗಿಲು ಹಾಕಿಕೊಂಡಿತು ಅನ್ನೋ ಕಥೆ. ಕಥೆಯ ಬುಡ ನಿಜ. ಆದರೆ ಅದರ ಮೇಲೆ ನೂರಾರು ವರ್ಷಗಳಿಂದ ಬಣ್ಣ ಬಳಿಯುತ್ತಾ ಬಂದಿದ್ದಾರೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಗೊತ್ತಿರುವ ಸಂಗತಿ ಯಾವುದು, ಬಾಯಿಂದ ಬಾಯಿಗೆ ಬಂದದ್ದು ಯಾವುದು ಅಂತ ಆದಷ್ಟು ಬೇರೆ ಮಾಡಿ ಹೇಳಿದ್ದೇನೆ.

ಈ ಊರು ಎಲ್ಲಿದೆ?

ಇಂಗ್ಲೆಂಡಿನ ನಡುಭಾಗದ ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಾಡಿನಲ್ಲಿ. ಶೆಫೀಲ್ಡ್ ನಗರದಿಂದ ಸುಮಾರು 20 ಕಿಲೋಮೀಟರ್. ಹಿಂದೆ ಎತ್ತರದ ಮರಳುಗಲ್ಲಿನ ದಿಬ್ಬ, ಮುಂದೆ ಸುಣ್ಣಕಲ್ಲಿನ ಕಣಿವೆ, ನಡುವೆ ಒಂದೇ ಉದ್ದ ಬೀದಿಯಾಗಿ ಹರಡಿಕೊಂಡಿರುವ ಊರು. ಇವತ್ತಿಗೂ ಜನಸಂಖ್ಯೆ ಸಾವಿರದ ಆಸುಪಾಸು.

ಪ್ಲೇಗಿಗಿಂತ ಮುಂಚೆ ಈ ಊರಿಗೆ ಇತಿಹಾಸವೇ ಇರಲಿಲ್ವಾ?

ಇತ್ತು, ಬೇಕಾದಷ್ಟು. ಚರ್ಚ್ ಅಂಗಳದಲ್ಲಿ ಒಂದು ಕಲ್ಲಿನ ಶಿಲುಬೆ ನಿಂತಿದೆ. ಅದು ಸುಮಾರು 8ನೇ ಶತಮಾನದ್ದು. ಕಂಬದ ಒಂದು ತುಂಡು ಎಲ್ಲೋ ಕಳೆದುಹೋಗಿದೆ, ಆದರೂ ಕೆತ್ತನೆ ಚೆನ್ನಾಗಿ ಉಳಿದಿದೆ. 1086ರಲ್ಲಿ ರಾಜ ವಿಲಿಯಂ ಇಡೀ ದೇಶದ ಜಮೀನಿನ ಲೆಕ್ಕ ಬರೆಸಿದನಲ್ಲ, ಡೂಮ್ಸ್‌ಡೇ ದಾಖಲೆ, ಅದರಲ್ಲೂ ಈ ಊರಿನ ಹೆಸರಿದೆ.

ಊರಿನ ಹೊಟ್ಟೆ ತುಂಬಿಸಿದ್ದು ಮುಖ್ಯವಾಗಿ ಸೀಸ. ಡರ್ಬಿಶೈರ್ ಗುಡ್ಡಗಳಲ್ಲಿ ರೋಮನ್ನರ ಕಾಲದಿಂದಲೂ ಸೀಸ ಅಗೆಯುತ್ತಿದ್ದರು. ಇಲ್ಲಿನ ಗಣಿ ಕಾನೂನು ಸ್ವಲ್ಪ ವಿಚಿತ್ರ. ಅದಿರಿನ ಎಳೆ ಸಿಕ್ಕಿದವನು, ಜಮೀನು ಯಾರದ್ದೇ ಇರಲಿ, ಕೆಲವು ಜಾಗ ಬಿಟ್ಟರೆ ಬಾಕಿ ಕಡೆ ಅಗೆಯಬಹುದಿತ್ತು. ರಾಜನಿಗೆ ಇಂತಿಷ್ಟು ಅಂತ ಪಾಲು ಕೊಟ್ಟರೆ ಸಾಕು. ವ್ಯಾಜ್ಯ ಬಂದರೆ ತೀರ್ಮಾನ ಮಾಡೋಕೆ ಗಣಿಗಾರರದ್ದೇ ನ್ಯಾಯಾಲಯ, ಅದರ ಹೆಸರು ಬಾರ್‌ಮೋಟ್. ಹಾಗಾಗಿ ಒಬ್ಬನೇ ಮನುಷ್ಯ ಬೇಸಿಗೆಯಲ್ಲಿ ಹೊಲ ನೋಡಿಕೊಂಡು, ಚಳಿಗಾಲದಲ್ಲಿ ಗುಂಡಿಗಿಳಿದು ಅದಿರು ತೆಗೆಯುವುದು ಮಾಮೂಲಿಯಾಗಿತ್ತು. ಚರ್ಚಿನ ಪಾದ್ರಿಗೂ ಸೀಸದಲ್ಲಿ ಪಾಲಿತ್ತು!

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1588ರಲ್ಲೇ ಈ ಊರಿನವರು ಮೇಲಿನ ಊಟೆಗಳಿಂದ ನೀರು ಹರಿಸಿ ಬೀದಿಯುದ್ದಕ್ಕೂ ಕಲ್ಲಿನ ತೊಟ್ಟಿಗಳನ್ನು ಕೂರಿಸಿದ್ದರು. ಇಂಗ್ಲೆಂಡಿನ ಅತಿ ಹಳೆಯ ಸಾರ್ವಜನಿಕ ನೀರಿನ ವ್ಯವಸ್ಥೆಗಳಲ್ಲಿ ಇದೂ ಒಂದು. ಕೆಲವು ತೊಟ್ಟಿಗಳು ಈಗಲೂ ಇವೆ. ಅಂದರೆ ಏನೂ ತಿಳಿಯದ ಬಡಪಾಯಿ ಹಳ್ಳಿ ಅಲ್ಲ ಇದು. ಒಟ್ಟಿಗೆ ಕೂತು ತೀರ್ಮಾನ ಮಾಡಿ ಕೆಲಸ ಮಾಡಿ ಗೊತ್ತಿದ್ದ ಊರು.

ಪ್ಲೇಗ್ ಇಷ್ಟು ಮೂಲೆಯ ಊರಿಗೆ ಹೇಗೆ ಬಂತು?

1665ರಲ್ಲಿ ಲಂಡನ್ ಪ್ಲೇಗಿನಿಂದ ನಡುಗುತ್ತಿತ್ತು. ಸರ್ಕಾರಿ ಲೆಕ್ಕದಲ್ಲೇ ಆ ವರ್ಷ ಅಲ್ಲಿ 68,000ಕ್ಕೂ ಜಾಸ್ತಿ ಜನ ಪ್ಲೇಗಿಗೆ ಸತ್ತರು, ನಿಜವಾದ ಸಂಖ್ಯೆ ಒಂದು ಲಕ್ಷದ ಹತ್ತಿರ ಅಂತಾರೆ. ಈಮ್‌ನಲ್ಲಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಅಂತ ಒಬ್ಬ ದರ್ಜಿ ಇದ್ದ. ಅವನ ಹತ್ತಿರ ಕೆಲಸಕ್ಕಿದ್ದವನು ಜಾರ್ಜ್ ವಿಕರ್ಸ್. ಲಂಡನ್‌ನಿಂದ ಬಟ್ಟೆಯ ಗಂಟು ಬಂತು, ಒದ್ದೆಯಾಗಿತ್ತು, ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಒಣಗಿಸಿದ, ಬಟ್ಟೆಯಲ್ಲಿದ್ದ ಚಿಗಟಗಳು ಎದ್ದವು ಅನ್ನೋದು ಊರಿನ ಕಥೆ. ಒಣಗಿಸಿದ್ದನ್ನು ಯಾರೂ ಕಣ್ಣಾರೆ ನೋಡಿ ಬರೆದಿಟ್ಟಿಲ್ಲ. ಆದರೆ ವಿಕರ್ಸ್ ಮೊದಲು ಸತ್ತದ್ದು ಮಾತ್ರ ಖಚಿತ: 1665ರ ಸೆಪ್ಟೆಂಬರ್ 7.

ಆ ಮನೆ ಚರ್ಚ್ ಪಕ್ಕದಲ್ಲೇ ಇದೆ, ಗೋಡೆಯ ಹೊರಗೆ ಒಂದು ಫಲಕ ಹಾಕಿದ್ದಾರೆ. ಅದನ್ನು ಓದಿದರೆ ಸಾಕು. ವಿಕರ್ಸ್ ಹೋದ ಎರಡು ವಾರಕ್ಕೆ ನಾಲ್ಕು ವರ್ಷದ ಎಡ್ವರ್ಡ್ ಕೂಪರ್ ಸತ್ತ. ಅಕ್ಟೋಬರ್ 2ಕ್ಕೆ ಅವನ ಅಣ್ಣ, 12 ವರ್ಷದ ಜೊನಾಥನ್. ಮುಂದಿನ ವರ್ಷದ ಆಗಸ್ಟ್ 3ಕ್ಕೆ ದರ್ಜಿ ಹ್ಯಾಡ್‌ಫೀಲ್ಡ್. ಆ ಮಕ್ಕಳ ತಾಯಿ ಮೇರಿ ಮೊದಲ ಗಂಡ ಹೋದ ಮೇಲೆ ಹ್ಯಾಡ್‌ಫೀಲ್ಡ್‌ನನ್ನು ಮದುವೆಯಾಗಿದ್ದವಳು. ಮನೆಯಲ್ಲಿ ಅವಳೊಬ್ಬಳೇ ಉಳಿದಳು. ನೆಂಟರನ್ನೂ ಸೇರಿಸಿದರೆ ಅವಳು ಕಳೆದುಕೊಂಡದ್ದು 13 ಜನರನ್ನು.

ಶುರುವಿನಲ್ಲೇ ಊರು ಮುಚ್ಚಿಬಿಟ್ಟರಾ?

ಇಲ್ಲ. ಇಲ್ಲೇ ಜಾಸ್ತಿ ಜನ ಎಡವೋದು. ಮೊದಲ ಸಾವು 1665ರ ಸೆಪ್ಟೆಂಬರ್‌ನಲ್ಲಿ, ಊರು ಮುಚ್ಚುವ ತೀರ್ಮಾನ 1666ರ ಜೂನ್‌ನಲ್ಲಿ. ನಡುವೆ ಒಂಬತ್ತು ತಿಂಗಳು. ಅಕ್ಟೋಬರ್‌ನಲ್ಲಿ ಸಾವು ಏರಿತು, ಚಳಿಗಾಲ ಬಂದ ಹಾಗೆ ಇಳಿಯಿತು, ವಸಂತದಲ್ಲಿ ಇನ್ನೇನು ಮುಗಿಯಿತು ಅಂತ ಜನ ಉಸಿರು ಬಿಟ್ಟಿರಬೇಕು. ಆಮೇಲೆ ಬೇಸಿಗೆ ಬಂತು.

ಆ ಒಂಬತ್ತು ತಿಂಗಳಲ್ಲಿ ಹೋಗುವವರು ಹೋಗಿದ್ದರು. ಕೈಯಲ್ಲಿ ದುಡ್ಡಿದ್ದವರು, ಬೇರೆ ಕಡೆ ಮನೆ ಇದ್ದವರು ಗಂಟು ಕಟ್ಟಿದರು. ಪಾದ್ರಿ ಮೊಂಪೆಸನ್ ಕೂಡ ತಮ್ಮ ಇಬ್ಬರು ಪುಟ್ಟ ಮಕ್ಕಳನ್ನು ಯಾರ್ಕ್‌ಶೈರ್‌ಗೆ ಕಳಿಸಿದರು. ಇದನ್ನು ನಾನು ಕೊಂಕು ತೆಗೆಯೋಕೆ ಹೇಳುತ್ತಿಲ್ಲ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ "ಊರಿಗೆ ಊರೇ ಉಳಿಯಿತು" ಅನ್ನುವಾಗ, ಉಳಿದವರಲ್ಲಿ ಬಹಳ ಜನ ಹೋಗೋಕೆ ಜಾಗವೇ ಇಲ್ಲದವರು ಅನ್ನೋದನ್ನೂ ಸೇರಿಸಿ ಹೇಳಬೇಕು ಅಲ್ವಾ?

ಇಬ್ಬರು ಪಾದ್ರಿಗಳ ಹೆಸರು ಬರುತ್ತದೆ. ಒಂದು ಊರಿಗೆ ಇಬ್ಬರು ಯಾಕೆ?

ಇದಕ್ಕೆ ಕಾರಣ ರಾಜಕೀಯ. ಇಂಗ್ಲೆಂಡ್‌ನಲ್ಲಿ ಆಗಷ್ಟೇ ಅಂತರ್ಯುದ್ಧ ಮುಗಿದು, ರಾಜನಿಲ್ಲದ ಆಳ್ವಿಕೆ ಮುಗಿದು, 1660ರಲ್ಲಿ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ್ದ. 1662ರಲ್ಲಿ ಹೊಸ ಕಾನೂನು ಬಂತು. ಎಲ್ಲ ಪಾದ್ರಿಗಳೂ ಸರ್ಕಾರ ಒಪ್ಪಿದ ಪ್ರಾರ್ಥನಾ ಪುಸ್ತಕವನ್ನೇ ಬಳಸಬೇಕು, ಇಲ್ಲ ಅಂದರೆ ಜಾಗ ಖಾಲಿ ಮಾಡಬೇಕು. ಥಾಮಸ್ ಸ್ಟ್ಯಾನ್ಲಿ ಪ್ಯೂರಿಟನ್ ಪಂಥದವರು, ಒಪ್ಪಲಿಲ್ಲ, ಕೆಲಸ ಹೋಯಿತು. ಆದರೆ ಊರಿನ ಜನಕ್ಕೆ ಅವರ ಮೇಲೆಯೇ ಪ್ರೀತಿ.

1664ರಲ್ಲಿ ಬಂದವರು ವಿಲಿಯಂ ಮೊಂಪೆಸನ್. ಇನ್ನೂ ಮೂವತ್ತು ತುಂಬಿರದ ಹುಡುಗ, ಹೊರಗಿನವರು, ಹೆಂಡತಿ ಕ್ಯಾಥರೀನ್ ಜೊತೆ ಬಂದಿದ್ದರು. ಇಂಥವರು ಎದ್ದು ನಿಂತು "ಯಾರೂ ಊರು ಬಿಡಬೇಡಿ" ಅಂದರೆ ಯಾರು ಕೇಳುತ್ತಾರೆ? ಅದಕ್ಕೇ ಮೊಂಪೆಸನ್ ಹೋಗಿ ಸ್ಟ್ಯಾನ್ಲಿ ಅವರ ಸಹಾಯ ಕೇಳಿದರು. ಪಂಥದ ಲೆಕ್ಕದಲ್ಲಿ ಇಬ್ಬರೂ ಎದುರಾಳಿಗಳು. ಆದರೂ ಜನರ ಮುಂದೆ ಒಟ್ಟಿಗೆ ನಿಂತರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ದೊಡ್ಡ ಮಾತು ಇದೇ. ಪ್ರವಾಸಿ ಕರಪತ್ರಗಳು ಮೊಂಪೆಸನ್ ಅವರನ್ನು ಹೊಗಳಿ ಸ್ಟ್ಯಾನ್ಲಿ ಅವರಿಗೆ ಒಂದು ಸಾಲು ಕೊಟ್ಟು ಮುಗಿಸುತ್ತವೆ, ಅದು ಸರಿಯಲ್ಲ. ಜನ ಒಪ್ಪಿದ್ದು ಹಳೆಯ ಪಾದ್ರಿಯ ಮುಖ ನೋಡಿ ಇರಬೇಕು.

ಆ ತೀರ್ಮಾನದಲ್ಲಿ ಏನೇನಿತ್ತು?

ಮುಖ್ಯವಾಗಿ ಮೂರು. ಇನ್ನು ಮೇಲೆ ಚರ್ಚ್ ಅಂಗಳದಲ್ಲಿ ಹೂಳುವ ಹಾಗಿಲ್ಲ, ಅವರವರ ಹೊಲದಲ್ಲೋ ಹಿತ್ತಲಲ್ಲೋ ಅವರವರೇ ಹೂತುಕೊಳ್ಳಬೇಕು. ಚರ್ಚಿಗೆ ಬೀಗ, ಪ್ರಾರ್ಥನೆ ಬಯಲಲ್ಲಿ. ಊರಿನ ಸುತ್ತ ಒಂದು ಗಡಿ, ಅದನ್ನು ಯಾರೂ ದಾಟಬಾರದು, ಒಳಗೂ ಬರಬಾರದು.

ಪ್ರಾರ್ಥನೆ ನಡೆದದ್ದು ಕಕ್ಲೆಟ್ ಡೆಲ್ಫ್ ಎಂಬ ತಗ್ಗಿನಲ್ಲಿ. ಅಲ್ಲಿ ಒಂದು ಬಂಡೆಯಲ್ಲಿ ಕಮಾನಿನ ಹಾಗೆ ತೂತಿದೆ, ಮೊಂಪೆಸನ್ ಅಲ್ಲಿ ನಿಂತು ಮಾತಾಡುತ್ತಿದ್ದರು, ಮನೆಮಂದಿ ಒಂದೊಂದು ಗುಂಪಾಗಿ ದೂರ ದೂರ ನಿಲ್ಲುತ್ತಿದ್ದರು ಅಂತ ಹೇಳುತ್ತಾರೆ. ರೋಗ ಹೇಗೆ ಹರಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಅನ್ನೋರು, ದೇವರ ಸಿಟ್ಟು ಅನ್ನೋರು. ಆದರೆ ಜನರನ್ನು ಒಂದೇ ಕೋಣೆಯಲ್ಲಿ ತುಂಬಬಾರದು ಅನ್ನುವಷ್ಟು ತಿಳಿವಳಿಕೆ ಇತ್ತು.

ಊಟಕ್ಕೆ ಏನು ಮಾಡಿದರು?

ಒಳ್ಳೆ ಪ್ರಶ್ನೆ, ಯಾಕೆಂದರೆ ಉತ್ತರ ಇಲ್ಲದಿದ್ದರೆ ಈ ಊರು ಒಂದು ವಾರವೂ ಮುಚ್ಚಿಕೊಂಡಿರುತ್ತಿರಲಿಲ್ಲ. ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿ ಡೆವನ್‌ಶೈರ್‌ನ ಅರ್ಲ್ ಇದ್ದರು. ಜನ ಊರೊಳಗೇ ಇರುವುದಾದರೆ ಆಹಾರ, ಔಷಧಿ ಕಳಿಸುತ್ತೇನೆ ಅಂತ ಅವರು ಒಪ್ಪಿಕೊಂಡರು. ಸುತ್ತಲಿನ ಊರಿನವರೂ ಸಾಮಾನು ತಂದು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು.

ಗಡಿಯ ಗುರುತುಗಳು ಈಗಲೂ ನೋಡಲು ಸಿಗುತ್ತವೆ. ಸ್ಟೋನಿ ಮಿಡಲ್‌ಟನ್ ಕಡೆಗೆ ಇಳಿಯುವ ಕಾಲುದಾರಿಯಲ್ಲಿ ಒಂದು ಬಂಡೆ, ಅದರ ಮೇಲೆ ಆರು ಗುಳಿಗಳು. ಗುಳಿಯಲ್ಲಿ ವಿನೆಗರ್ ಹಾಕಿ ಅದರಲ್ಲಿ ನಾಣ್ಯ ಇಡುತ್ತಿದ್ದರು, ವಿನೆಗರ್ ಸೋಂಕು ಕಳೆಯುತ್ತದೆ ಅಂತ ನಂಬಿಕೆ. ಉತ್ತರದ ಗುಡ್ಡದ ಮೇಲೆ ಮೊಂಪೆಸನ್ ಬಾವಿ ಅಂತ ಕರೆಯುವ ಒಂದು ಊಟೆ ಇದೆ. ಅಲ್ಲಿ ಹರಿಯುವ ನೀರಲ್ಲಿ ದುಡ್ಡು ಬಿಡುತ್ತಿದ್ದರು.

ಇದನ್ನು ತ್ಯಾಗ ಅಂತ ಮಾತ್ರ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಇದೊಂದು ಒಪ್ಪಂದ. ನಾವು ಹೊರಗೆ ಬರಲ್ಲ, ನೀವು ನಮ್ಮನ್ನು ಉಪವಾಸ ಕೆಡವಬೇಡಿ. ಎರಡೂ ಕಡೆಯವರು ಮಾತು ಉಳಿಸಿಕೊಂಡರು.

ಯಾರೂ ತಪ್ಪಿಸಿಕೊಳ್ಳೋಕೆ ನೋಡಲಿಲ್ವಾ?

ಊರಿನ ಒಬ್ಬ ಹೆಂಗಸು ಹತ್ತಿರದ ಟೈಡ್ಸ್‌ವೆಲ್ ಸಂತೆಗೆ ಹೋಗಿ, ಅಲ್ಲಿ ಯಾರೋ ಗುರುತು ಹಿಡಿದು, ಜನ "ಪ್ಲೇಗ್! ಪ್ಲೇಗ್!" ಅಂತ ಕೂಗುತ್ತಾ ಮಣ್ಣು ಎಸೆದು ಓಡಿಸಿದರು ಅನ್ನುವ ಕಥೆ ಇದೆ. ಹೊರಗಿನ ಪರಿಸ್ಥಿತಿ ಹಾಗಿತ್ತು. ಜೊತೆಗೆ 1604ರ ಪ್ಲೇಗ್ ಕಾನೂನು. ಮೈಮೇಲೆ ಪ್ಲೇಗಿನ ಹುಣ್ಣು ಇಟ್ಟುಕೊಂಡು ಮನೆ ಬಿಟ್ಟು ಹೊರಗೆ ತಿರುಗಿದರೆ ಗಲ್ಲು ಶಿಕ್ಷೆಯವರೆಗೂ ಹೋಗಬಹುದಿತ್ತು. ಹುಣ್ಣು ಇಲ್ಲದಿದ್ದರೂ ಚಾಟಿಯೇಟು. ಓಡಿಹೋದವನನ್ನು ಬಾ ಅಂತ ಒಳಗೆ ಕರೆಯುವ ಊರು ಯಾವುದೂ ಇರಲಿಲ್ಲ.

ಒಟ್ಟು ಎಷ್ಟು ಜನ ಸತ್ತರು?

ಮೊಂಪೆಸನ್ ಅವರೇ 1666ರ ನವೆಂಬರ್ 20ರಂದು ಬರೆದ ಒಂದು ಕಾಗದ ಉಳಿದಿದೆ. 76 ಮನೆಗಳಿಗೆ ರೋಗ ತಗುಲಿತು, 259 ಜನ ತೀರಿಕೊಂಡರು ಅಂತ ಅದರಲ್ಲಿ ಬರೆದಿದ್ದಾರೆ. ಊರು ತಲೆಬುರುಡೆಗಳ ಜಾಗವಾಗಿದೆ ಅಂತಲೂ ಬರೆದರು. ಕೊನೆಯ ಸಾವು ನವೆಂಬರ್ 1ಕ್ಕೆ. 14 ತಿಂಗಳಲ್ಲಿ ಅತಿ ಕೆಟ್ಟದ್ದು 1666ರ ಜುಲೈ ಮತ್ತು ಆಗಸ್ಟ್. ಜುಲೈನಲ್ಲಿ 50ಕ್ಕೂ ಹೆಚ್ಚು, ಆಗಸ್ಟ್‌ನಲ್ಲಿ 70ಕ್ಕೂ ಹೆಚ್ಚು.

ಸಂಖ್ಯೆಯ ಜಗಳ ಇರುವುದು ಬೇರೆ ಕಡೆ. ಊರಿನಲ್ಲಿ ಒಟ್ಟು 350 ಜನ ಇದ್ದರು, 83 ಜನ ಮಾತ್ರ ಉಳಿದರು ಅಂತ ಹಳೆಯ ಪುಸ್ತಕಗಳು ಬರೆದವು, ಈಗಲೂ ಎಲ್ಲರೂ ಅದನ್ನೇ ನಕಲು ಹೊಡೆಯುತ್ತಾರೆ. ಆ ಕಾಲದಲ್ಲಿ ಮನೆಯಲ್ಲಿ ಎಷ್ಟು ಒಲೆ ಇದೆ ಅಂತ ಲೆಕ್ಕ ಹಾಕಿ ತೆರಿಗೆ ವಸೂಲಿ ಮಾಡುತ್ತಿದ್ದರು. ಆ ಪಟ್ಟಿ ಮತ್ತು ಚರ್ಚ್ ರಿಜಿಸ್ಟರ್ ಎರಡನ್ನೂ ಇಟ್ಟುಕೊಂಡು ಆಮೇಲಿನವರು ಲೆಕ್ಕ ಹಾಕಿದಾಗ ಜನಸಂಖ್ಯೆ 700ರ ಆಸುಪಾಸು ಬಂತು. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜನ ಸತ್ತರು. ನಾಲ್ಕರಲ್ಲಿ ಮೂರು ಪಾಲು ಅಲ್ಲ. ಮೂರರಲ್ಲಿ ಒಂದು ಪಾಲು ಕಡಿಮೆಯೇನಲ್ಲ, ಉಬ್ಬಿಸಿ ಹೇಳುವ ಅಗತ್ಯವೇ ಇಲ್ಲ.

ಹ್ಯಾನ್‌ಕಾಕ್ ಕುಟುಂಬದ ಕಥೆ ಏನು?

ಊರಿನಿಂದ ಸ್ವಲ್ಪ ಆಚೆ ಗುಡ್ಡದ ಇಳಿಜಾರಿನಲ್ಲಿ ರೈಲಿ ಎಂಬ ಹೊಲ. ಅಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು 1666ರ ಆಗಸ್ಟ್‌ನಲ್ಲಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಸಹಾಯಕ್ಕೆ ಯಾರೂ ಹತ್ತಿರ ಬರುವ ಹಾಗಿಲ್ಲ. ಅವಳೇ ಗುಂಡಿ ತೋಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹೆಣಗಳನ್ನು ಎಳೆದು ತಂದು ಹೂತಳು. ಎದುರಿನ ಸ್ಟೋನಿ ಮಿಡಲ್‌ಟನ್ ಗುಡ್ಡದ ಮೇಲಿಂದ ಜನ ಇದನ್ನು ನೋಡುತ್ತಾ ನಿಂತಿದ್ದರು ಅಂತ ಹೇಳುತ್ತಾರೆ. ಅವಳಿಗೆ ಪ್ಲೇಗ್ ತಗುಲಲೇ ಇಲ್ಲ. ಕೊನೆಗೆ ಶೆಫೀಲ್ಡ್‌ನಲ್ಲಿ ಕೆಲಸ ಕಲಿಯುತ್ತಿದ್ದ ಉಳಿದೊಬ್ಬ ಮಗನ ಹತ್ತಿರ ಹೋಗಿ ಸೇರಿದಳು.

ಆ ಏಳು ಸಮಾಧಿಗಳು ಹೊಲದ ನಡುವೆ, ಸುತ್ತ ಗುಂಡಗಿನ ಕಲ್ಲುಗೋಡೆಯೊಳಗೆ ಇವೆ. ರೈಲಿ ಗ್ರೇವ್ಸ್ ಅಂತ ಹೆಸರು, ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಈಮ್‌ನಲ್ಲಿ ಒಂದೇ ಜಾಗ ನೋಡೋಕೆ ಟೈಮ್ ಇದೆ ಅಂದರೆ ಇಲ್ಲಿಗೆ ಹೋಗಿ.

ಮನೆಯಲ್ಲಿ ಹೂಳುವವರೇ ಇಲ್ಲದಿದ್ದರೆ?

ಮಾರ್ಷಲ್ ಹೌ ಅಂತ ಒಬ್ಬ ಗಟ್ಟಿ ಆಳು ಇದ್ದ. ಶುರುವಿನಲ್ಲಿ ಅವನಿಗೂ ಪ್ಲೇಗ್ ಬಂದು ವಾಸಿಯಾಗಿತ್ತು, ಮತ್ತೆ ಬರಲ್ಲ ಅಂತ ಧೈರ್ಯ. ಬೇರೆಯವರ ಹೆಣ ಎಳೆದು ಹೂಳುವ ಕೆಲಸ ಹಿಡಿದ. ಕೂಲಿಗೆ ಬದಲಾಗಿ ಸತ್ತವರ ಮನೆಯ ಸಾಮಾನು, ಬಟ್ಟೆ ತೆಗೆದುಕೊಳ್ಳುತ್ತಿದ್ದ. ಒಮ್ಮೆ ಒಬ್ಬನನ್ನು ಹೂಳಲು ಹೊತ್ತುಕೊಂಡು ಹೋಗುತ್ತಿದ್ದಾಗ ಆ "ಹೆಣ" ಎಚ್ಚರವಾಗಿ ಕುಡಿಯೋಕೆ ಏನಾದರೂ ಕೊಡು ಅಂತ ಕೇಳಿತಂತೆ. ಆ ಕಥೆ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಹೌನ ಹೆಂಡತಿ ಮತ್ತು ಮಗ ಇಬ್ಬರೂ ಅದೇ ಬೇಸಿಗೆ ಸತ್ತರು. ಹೊತ್ತು ತಂದ ಬಟ್ಟೆಗಳಿಂದಲೇ ಅಂತ ಊರು ಮಾತಾಡಿಕೊಂಡಿತು. ಮುಂದೆ ಬಹಳ ಕಾಲ ಮಕ್ಕಳು ಹಟ ಮಾಡಿದರೆ "ಮಾರ್ಷಲ್ ಹೌನನ್ನು ಕರೀತೀನಿ" ಅಂತ ಹೆದರಿಸುತ್ತಿದ್ದರಂತೆ.

ಹಾಗೇ ಮಾರ್ಗರೆಟ್ ಬ್ಲ್ಯಾಕ್‌ವೆಲ್ ಎಂಬ ಹುಡುಗಿ ಜ್ವರದ ಭ್ರಮೆಯಲ್ಲಿ ಬಾಯಾರಿ ಅಡುಗೆಮನೆಯಲ್ಲಿದ್ದ ಹಂದಿ ಕೊಬ್ಬಿನ ಜಿಡ್ಡನ್ನು ಹಾಲು ಅಂತ ಗಟಗಟ ಕುಡಿದು ಬದುಕಿದಳು ಅಂತಲೂ ಹೇಳುತ್ತಾರೆ. ಬದುಕಿದ್ದು ಕೊಬ್ಬಿನಿಂದಲ್ಲ ಅಂತ ನಾನು ಬೇರೆ ಹೇಳಬೇಕಿಲ್ಲ.

ಎಮಟ್ ಮತ್ತು ರೋಲಂಡ್ ಪ್ರೇಮಕಥೆ ನಿಜವಾ?

ಎಮಟ್ ಸಿಡಾಲ್ ಈಮ್ ಹುಡುಗಿ. ರೋಲಂಡ್ ಟೋರ್ ಪಕ್ಕದೂರು ಸ್ಟೋನಿ ಮಿಡಲ್‌ಟನ್ ಹುಡುಗ. ಡೆಲ್ಫ್‌ನಲ್ಲಿ ಈ ಕಡೆ ಅವಳು, ಆ ಕಡೆ ಅವನು, ದೂರದಿಂದಲೇ ನೋಡಿಕೊಳ್ಳುತ್ತಿದ್ದರು. ಒಂದು ದಿನ ಅವಳು ಬರಲಿಲ್ಲ. ಊರು ತೆರೆದಾಗ ಮೊದಲು ಓಡಿ ಬಂದವನು ಅವನೇ ಅಂತ ಕಥೆ. ಚರ್ಚಿನಲ್ಲಿ 1985ರಲ್ಲಿ ಹಾಕಿದ ಬಣ್ಣದ ಗಾಜಿನ ಕಿಟಕಿಯಲ್ಲೂ ಇವರಿದ್ದಾರೆ.

ಎಮಟ್ ನಿಜವಾಗಿ ಬದುಕಿದ್ದವಳೇ, ಅವಳ ಮನೆಯೂ ಇದೆ. ಅವಳ ಅಪ್ಪ, ಒಡಹುಟ್ಟಿದವರು 1665ರ ಅಕ್ಟೋಬರ್‌ನಲ್ಲೇ ಹೋಗಿದ್ದರು. ಅವಳು ಸತ್ತದ್ದು 1666ರ ಏಪ್ರಿಲ್ ಕೊನೆಗೆ. ಊರು ಮುಚ್ಚಿದ್ದು ಜೂನ್‌ನಲ್ಲಿ! ಗಡಿಯ ಆಚೆ ಈಚೆ ನಿಂತು ಕಣ್ಣೀರು ಹಾಕಲು ಆಗ ಗಡಿಯೇ ಇರಲಿಲ್ಲ. ಇಬ್ಬರೂ ಭಯಕ್ಕೆ ದೂರ ಉಳಿದಿದ್ದರು ಅಂತ ಬೇಕಾದರೆ ಹೇಳಬಹುದು. ಸಿನಿಮಾದ ಥರ ಹೇಳುವವರು ತಾರೀಖು ನೋಡುವುದಿಲ್ಲ.

ಊರು ಮುಚ್ಚಿದ್ದರಿಂದ ನಿಜವಾಗಿ ಪ್ರಯೋಜನ ಆಯ್ತಾ?

ಸುತ್ತಲಿನ ಊರುಗಳಿಗೆ ಪ್ಲೇಗ್ ಹಬ್ಬಲಿಲ್ಲ. ಅದು ಸತ್ಯ. ಊರು ಮುಚ್ಚಿದ್ದಕ್ಕೇ ಹಬ್ಬಲಿಲ್ಲವಾ ಅನ್ನೋದು ಬೇರೆ ಪ್ರಶ್ನೆ. ಮುಂಚಿನ ಒಂಬತ್ತು ತಿಂಗಳು ಜನ ಓಡಾಡಿಕೊಂಡೇ ಇದ್ದರು, ಆಗಲೂ ದೊಡ್ಡದಾಗಿ ಹಬ್ಬಲಿಲ್ಲವಲ್ಲ.

ಪ್ಲೇಗ್ ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಕಂಡುಹಿಡಿದರು. ಇಲಿಯಿಂದ ಮನುಷ್ಯನಿಗೆ ತರುವುದು ಚಿಗಟ ಅಂತ 1898ರಲ್ಲಿ ಕರಾಚಿಯಲ್ಲಿ ತೋರಿಸಿದವರು ಪಾಲ್ ಲೂಯಿ ಸಿಮೊಂ. ಇಲಿ ಚಿಗಟವೇ ಕಾರಣ ಅಂದಾಗ ಈಮ್ ಜನ ಸುಮ್ನೆ ಇಲಿಗಳ ಜೊತೆ ಬೋನಿನಲ್ಲಿ ಕೂತ ಹಾಗಾಯ್ತು, ಅದರಿಂದ ಸಾವು ಜಾಸ್ತಿಯೇ ಆಯಿತು ಅಂತ ಕೆಲವರು ವಾದ ಮಾಡಿದರು. ಆದರೆ 2016ರಲ್ಲಿ ಇಬ್ಬರು ಸಂಶೋಧಕರು ರಿಜಿಸ್ಟರಿನ ತಾರೀಖುಗಳನ್ನೂ ಮನೆಮಂದಿಯ ಪಟ್ಟಿಯನ್ನೂ ಇಟ್ಟು ಗಣಿತದಿಂದ ಲೆಕ್ಕ ಹಾಕಿದರು. ಸುಮಾರು ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೇ ಹೋಗಿದೆ ಅಂತ ಬಂತು. ಅದೂ ಹೆಚ್ಚಾಗಿ ಒಂದೇ ಮನೆಯೊಳಗೆ. ಅದು ಸರಿಯಾದರೆ ಗಡಿ ಹಾಕಿದ್ದಕ್ಕೆ ಅರ್ಥ ಇದೆ. ಒಳಗಿದ್ದವರಿಗೆ ನಷ್ಟ, ಹೊರಗಿದ್ದವರಿಗೆ ಲಾಭ. ನಾನು ಈ ಕಡೆಗೇ ವಾಲುತ್ತೇನೆ, ಆದರೂ ವಾದ ಮುಗಿದಿಲ್ಲ.

ನಮ್ಮ ಕಡೆ ಪ್ಲೇಗ್ ಬಂದಾಗ ಜನ ಊರು ಬಿಟ್ಟರಲ್ಲ. ಇವರು ಯಾಕೆ ಹಾಗೆ ಮಾಡಲಿಲ್ಲ?

ನಮ್ಮವರು ಈ ಕಥೆ ಕೇಳಿದ ತಕ್ಷಣ ಕೇಳುವುದು ಇದನ್ನೇ, ಸಹಜ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಆಮೇಲೆ ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಮರುಕಳಿಸುತ್ತಲೇ ಇತ್ತು. ಮನೆಯಲ್ಲಿ ಇಲಿ ಬಿತ್ತು ಅಂದರೆ ಜನ ಪಾತ್ರೆ ಪರಡಿ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮಾರಮ್ಮನಿಗೆ ಹರಕೆ ಬೇರೆ. ಬೆಂಗಳೂರಿನಲ್ಲಿ ಪ್ಲೇಗ್ ಹೆಸರಿನ ಅಮ್ಮನ ಗುಡಿಗಳು ಇವತ್ತಿಗೂ ಇವೆ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದರ ಹಿಂದೆಯೂ ಆ ಪ್ಲೇಗ್ ಇದೆ. ರೋಗ ಇಲಿ ಇರುವ ಮನೆಯಲ್ಲಿದೆ ಅಂತ ಕಣ್ಣಿಂದ ನೋಡಿ ಕಲಿತ ಜಾಣತನ ಅದು.

ಈಮ್‌ನಲ್ಲೂ ಕೆಲವರು ಹಾಗೇ ಮಾಡಿದರು. ಡೆಲ್ಫ್‌ನ ಬಂಡೆಗಳ ಕೆಳಗೆ, ಮೇಲಿನ ಗುಡ್ಡದಲ್ಲಿ ಗುಡಿಸಲು ಹಾಕಿ ಉಳಿದವರ ಕಥೆಗಳಿವೆ. ಆದರೆ ಅದು ಗಡಿಯ ಒಳಗೆ. ನಮ್ಮವರು ಊರು ಬಿಟ್ಟರೂ ಊರಿನ ಹೊಲದಲ್ಲೇ ಇರುತ್ತಿದ್ದರು, ಬೇರೆ ಊರಿಗೆ ಹೋಗಿ ಬೀಳುತ್ತಿರಲಿಲ್ಲ. ಹಾಗೆ ನೋಡಿದರೆ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ನಮಗೆ ಹೊಲದಲ್ಲಿ ತಿಂಗಳುಗಟ್ಟಲೆ ಮಲಗೋಕೆ ಹವೆ ಒಗ್ಗುತ್ತದೆ, ಡರ್ಬಿಶೈರ್ ಗುಡ್ಡದ ಮೇಲೆ ಜೂನ್‌ನಲ್ಲೂ ಚಳಿ ಬಿಡುವುದಿಲ್ಲ.

ಬದುಕಿ ಉಳಿದವರ ರಕ್ತದಲ್ಲಿ ವಿಶೇಷ ಜೀನ್ ಇತ್ತಂತೆ?

2000ದ ಸುಮಾರಿಗೆ ಟಿವಿ ಕಾರ್ಯಕ್ರಮ ಒಂದರಿಂದ ಈ ಮಾತು ಹಬ್ಬಿತು. ಆಗ ಬದುಕಿದವರ ವಂಶದವರನ್ನು ಹುಡುಕಿ ಪರೀಕ್ಷೆ ಮಾಡಿದಾಗ ಸಿಸಿಆರ್5 ಡೆಲ್ಟಾ 32 ಎಂಬ ಬದಲಾದ ಜೀನ್ ಕೆಲವರಲ್ಲಿ ಸಿಕ್ಕಿತು. ಇದು ಎಚ್‌ಐವಿಯಿಂದ ರಕ್ಷಣೆ ಕೊಡುತ್ತದೆ ಅನ್ನೋದು ನಿಜ. ಪ್ಲೇಗಿನಿಂದಲೂ ಕೊಡುತ್ತದೆ ಅನ್ನೋದು ಊಹೆ. 2004ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಅಂಥ ರಕ್ಷಣೆ ಕಾಣಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ.

ಮೊಂಪೆಸನ್ ಆಮೇಲೆ ಏನಾದರು?

ಹೆಂಡತಿ ಕ್ಯಾಥರೀನ್ 1666ರ ಆಗಸ್ಟ್ 25ಕ್ಕೆ ತೀರಿಕೊಂಡರು, ರೋಗ ತುತ್ತತುದಿಯಲ್ಲಿದ್ದಾಗ. ಮಕ್ಕಳನ್ನು ಕಳಿಸುವಾಗ ಅವರಿಗೂ ಹೋಗು ಅಂತ ಹೇಳಿದ್ದರು, ಗಂಡನನ್ನು ಬಿಟ್ಟು ಹೋಗಲ್ಲ ಅಂದಿದ್ದರು. ಅವರ ಸಮಾಧಿ ಚರ್ಚ್ ಅಂಗಳದಲ್ಲಿ, ಆ ಹಳೆಯ ಶಿಲುಬೆಯ ಹತ್ತಿರವೇ ಇದೆ.

ಮೊಂಪೆಸನ್ 1669ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್‌ರಿಂಗ್ ಎಂಬ ಊರಿಗೆ ವರ್ಗವಾಗಿ ಹೋದರು. ಪ್ಲೇಗ್ ಮುಗಿದು ಮೂರು ವರ್ಷ ಆಗಿತ್ತು, ಆದರೂ ಅಲ್ಲಿನ ಜನ ಹೆದರಿ ಊರೊಳಗೆ ಬಿಟ್ಟುಕೊಳ್ಳಲಿಲ್ಲ, ಸ್ವಲ್ಪ ಕಾಲ ಹೊರಗೆ ಗುಡಿಸಲಿನಲ್ಲಿ ಇರಬೇಕಾಯಿತು ಅಂತ ಹೇಳುತ್ತಾರೆ. ಮತ್ತೆ ಮದುವೆಯಾದರು, ಮುದುಕರಾಗುವ ತನಕ ಬದುಕಿದರು. ಸ್ಟ್ಯಾನ್ಲಿ 1670ರಲ್ಲಿ ಈಮ್‌ನಲ್ಲೇ ತೀರಿಕೊಂಡರು.

ಈ ಕಥೆ ಇಷ್ಟು ಪ್ರಸಿದ್ಧ ಆಗಿದ್ದು ಯಾವಾಗ?

ತಕ್ಷಣ ಅಲ್ಲ. ನೂರು ವರ್ಷ ಹೆಚ್ಚಾಗಿ ಊರಿನ ಮಟ್ಟದಲ್ಲೇ ಇತ್ತು. ಆನಾ ಸಿವರ್ಡ್ ಎಂಬ ಕವಯಿತ್ರಿ ಹುಟ್ಟಿದ್ದು ಇಲ್ಲೇ, 1742ರಲ್ಲಿ, ಅವಳ ಅಪ್ಪ ಇಲ್ಲಿನ ಪಾದ್ರಿ. ಪ್ಲೇಗಿನ ಬಗ್ಗೆ ಅವಳೂ ಬರೆದಳು. 1842ರಲ್ಲಿ ವಿಲಿಯಂ ವುಡ್ ಎಂಬ ಸ್ಥಳೀಯರು ಊರಿನ ಇತಿಹಾಸದ ಪುಸ್ತಕ ತಂದರು. ಈಗ ಎಲ್ಲರೂ ಹೇಳುವ ಎಷ್ಟೋ ಕಥೆಗಳು ಮೊದಲು ಅಚ್ಚಾದದ್ದು ಅದರಲ್ಲೇ, ಅಂದರೆ ಘಟನೆ ಆಗಿ 176 ವರ್ಷದ ಮೇಲೆ. 1866ರಲ್ಲಿ ಇನ್ನೂರು ವರ್ಷದ ನೆನಪಿನ ಕಾರ್ಯಕ್ರಮ ನಡೆಯಿತು. ವಿಕ್ಟೋರಿಯಾ ರಾಣಿಯ ಕಾಲದ ಜನಕ್ಕೆ ಕರ್ತವ್ಯಕ್ಕಾಗಿ ಪ್ರಾಣ ಕೊಡುವ ಕಥೆ ಅಂದರೆ ಬಹಳ ಇಷ್ಟ. ಪಾದ್ರಿ ನಾಯಕರಾದರು, ಜನ ಹಿಂದೆ ಬಂದ ಕುರಿಮಂದೆಯಾದರು. ನನಗೆ ಒಪ್ಪಿಗೆಯಾಗದ್ದು ಇದೇ. ಮೇರಿ ಹ್ಯಾಡ್‌ಫೀಲ್ಡ್, ಎಲಿಜಬೆತ್ ಹ್ಯಾನ್‌ಕಾಕ್ ಇವರೆಲ್ಲ ಯಾರೋ ಹೇಳಿದ್ದಕ್ಕೆ ತಲೆಯಾಡಿಸಿಕೊಂಡು ಸಾಯಲಿಲ್ಲ.

ಪ್ಲೇಗ್ ಆದ ಮೇಲೆ ಊರು ಹಾಳುಬಿತ್ತಾ?

ಇಲ್ಲ, ಬೇಗ ಚೇತರಿಸಿಕೊಂಡಿತು. ಪ್ಲೇಗ್ ಮುಗಿದು ಐದು ವರ್ಷದಲ್ಲಿ, 1671ರ ಹೊತ್ತಿಗೆ, ರೈಟ್ ಕುಟುಂಬ ಬೀದಿಯ ನಡುವೆ ಈಮ್ ಹಾಲ್ ಎಂಬ ದೊಡ್ಡ ಮನೆ ಕಟ್ಟಿಸಿತು. 18ನೇ ಶತಮಾನದಲ್ಲಿ ಸೀಸದ ಗಣಿಗಾರಿಕೆ ಜೋರಾಯಿತು, ಪಾದ್ರಿಯ ಸಂಬಳವೂ ಏರಿತು. ಆಮೇಲೆ ಸೀಸ ಕಮ್ಮಿಯಾದಾಗ ಹತ್ತಿ, ರೇಷ್ಮೆ ನೇಯ್ಗೆ, ಆಮೇಲೆ ಶೂ, ಬೂಟು ತಯಾರಿಕೆ. 20ನೇ ಶತಮಾನದಲ್ಲಿ ಹಳೆಯ ಸೀಸದ ಗಣಿಗಳಲ್ಲೇ ಫ್ಲೋರ್‌ಸ್ಪಾರ್ ಎಂಬ ಖನಿಜ ತೆಗೆದರು, ಉಕ್ಕಿನ ಕಾರ್ಖಾನೆಗಳಿಗೆ ಅದು ಬೇಕು. ಹಿಂದಿನವರು ಕಸ ಅಂತ ಬಿಸಾಡಿದ್ದು ಮೊಮ್ಮಕ್ಕಳಿಗೆ ಸಂಬಳ ಆಯ್ತು. ಈಗ ಪ್ರವಾಸಿಗಳು, ಮತ್ತು ಶೆಫೀಲ್ಡ್‌ಗೆ ಕೆಲಸಕ್ಕೆ ಹೋಗಿ ಬರುವವರು.

ಎಲ್ಲ ಸಾವಿನ ಕಥೆಯೇ ಆಯ್ತು. ನಗುವ ಕಥೆ ಯಾವುದೂ ಇಲ್ವಾ?

ಇದೆ. 17ನೇ ಶತಮಾನದ ಕೊನೆಯಲ್ಲಿ ಜೋಸೆಫ್ ಹಂಟ್ ಅಂತ ಒಬ್ಬರು ಇಲ್ಲಿ ಪಾದ್ರಿಯಾಗಿದ್ದರು. ಒಂದು ಸಲ ಹೆಂಡದಂಗಡಿಯವನ ಮನೆಗೆ ಮಗುವಿನ ನಾಮಕರಣಕ್ಕೆ ಹೋಗಿ, ಚೆನ್ನಾಗಿ ಕುಡಿದು, ಅಂಗಡಿಯವನ ಮಗಳು ಆ್ಯನ್ ಜೊತೆ ತಮಾಷೆಗೆ ಮದುವೆ ಮಾಡಿಕೊಂಡರು. ಪ್ರಾರ್ಥನಾ ಪುಸ್ತಕ ತೆರೆದು, ಮಂತ್ರವೆಲ್ಲ ಓದಿಸಿ. ವಿಷಯ ಬಿಷಪ್ ಕಿವಿಗೆ ಬಿತ್ತು. ತಮಾಷೆ ಗಿಮಾಷೆ ಗೊತ್ತಿಲ್ಲ, ಈಗ ನಿಜವಾಗಿ ಮದುವೆಯಾಗು ಅಂದರು. ಆದರು. ಆದರೆ ಡರ್ಬಿಯ ಒಬ್ಬ ಹೆಣ್ಣುಮಗಳಿಗೆ ಮೊದಲೇ ಮಾತು ಕೊಟ್ಟಿದ್ದರು, ಅವಳು ಕೋರ್ಟಿಗೆ ಹೋದಳು! ದುಡ್ಡು ಕಟ್ಟಲಾಗದೆ, ಜಪ್ತಿಗೆ ಬರುವ ಅಮೀನರ ಕಣ್ಣು ತಪ್ಪಿಸಲು ಪಾದ್ರಿ ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲೇ ಸಂಸಾರ ಹೂಡಿದರಂತೆ. ತಮಾಷೆಯ ಮದುವೆ ಕೊನೆಯವರೆಗೂ ಬಾಳಿತು ಅನ್ನೋದು ಬೇರೆ ಮಾತು.

ಹೋಗೋದು ಹೇಗೆ, ಏನು ನೋಡಬೇಕು?

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಶೆಫೀಲ್ಡ್ ಅಥವಾ ಮ್ಯಾಂಚೆಸ್ಟರ್‌ನಿಂದ ಒಂದು ದಿನದಲ್ಲಿ ಆರಾಮಾಗಿ ಹೋಗಿ ಬರಬಹುದು. ಆ ಎರಡು ನಗರಗಳ ನಡುವಿನ ರೈಲಿನಲ್ಲಿ ಗ್ರಿಂಡಲ್‌ಫರ್ಡ್‌ನಲ್ಲಿ ಇಳಿದರೆ ಊರು ಕೆಲವೇ ಕಿಲೋಮೀಟರ್, ಆದರೆ ಏರು ದಾರಿ. ಕಾರಿನಲ್ಲಿ ಹೋಗುವವರಿಗೆ ಮ್ಯೂಸಿಯಂ ಎದುರೇ ಪಾರ್ಕಿಂಗ್ ಇದೆ. ಮ್ಯೂಸಿಯಂ ಹಳೆಯ ಮೆಥಡಿಸ್ಟ್ ಪ್ರಾರ್ಥನಾ ಮಂದಿರದಲ್ಲಿದೆ, 1994ರಲ್ಲಿ ಶುರುವಾದದ್ದು. ಅದರ ಚಾವಣಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಕೋಳಿಯ ಬದಲು ಇಲಿ ಇದೆ, ತಲೆ ಎತ್ತಿ ನೋಡಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಕೇಳಿಕೊಂಡು ಹೋಗಿ.

ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ಸಂಡೇ. ಡೆಲ್ಫ್‌ನಲ್ಲಿ ಬಯಲು ಪ್ರಾರ್ಥನೆ ನಡೆಯುತ್ತದೆ. ಅದೇ ಹೊತ್ತಿಗೆ ಬಾವಿಗಳ ಮುಂದೆ ಹಸಿ ಜೇಡಿಮಣ್ಣಿನ ಹಲಗೆಗೆ ಹೂವಿನ ಎಸಳು ಒತ್ತಿ ಚಿತ್ರ ಮಾಡಿ ನಿಲ್ಲಿಸುತ್ತಾರೆ, ಡರ್ಬಿಶೈರ್‌ನ ಹಳೆಯ ಪದ್ಧತಿ, ನೋಡೋಕೆ ಬಹಳ ಚಂದ. ಜನ ಜಾಸ್ತಿ ಇರುತ್ತಾರೆ, ಬೆಳಿಗ್ಗೆಯೇ ಹೋಗಿ.

ಪ್ಲೇಗಿನ ಮನೆಗಳ ಮುಂದೆ ಫಲಕಗಳಿವೆ, ಫೋಟೋ ತೆಗೆಯಬಹುದು. ಆದರೆ ಅವು ಈಗಲೂ ಜನ ವಾಸ ಮಾಡುವ ಮನೆಗಳು, ಕಿಟಕಿಯಲ್ಲಿ ಇಣುಕಬೇಡಿ. ಚರ್ಚಿನ ಗೋಡೆಯ ಮೇಲೆ 1775ರ ಸೂರ್ಯ ಗಡಿಯಾರ ಇದೆ. ಕ್ರಿಕೆಟ್ ಹುಚ್ಚಿದ್ದರೆ ಅಂಗಳದಲ್ಲಿ ಹ್ಯಾರಿ ಬ್ಯಾಗ್‌ಶಾ ಸಮಾಧಿ ಹುಡುಕಿ. ಡರ್ಬಿಶೈರ್ ಕೌಂಟಿಗೆ ಆಡಿ, ಆಮೇಲೆ ಅಂಪೈರ್ ಆಗಿ, 1927ರಲ್ಲಿ ತೀರಿಕೊಂಡವರು. ಕಲ್ಲಿನ ಮೇಲೆ ಚೆಂಡು ಬಡಿದು ಬೇಲ್ಸ್ ಹಾರುತ್ತಿರುವ ಸ್ಟಂಪ್ ಕೆತ್ತಿದ್ದಾರೆ, ಮೇಲೆ ಅಂಪೈರ್ ಬೆರಳೆತ್ತಿ ಔಟ್ ಕೊಟ್ಟಿದ್ದಾನೆ.